ಅಲ್ಲಾಡದ ಹುಡುಗಿ

ಫೋಟೋಗೆ ಕೂತ ಮಕ್ಕಳನ್ನು ಮಿಸುಕದಂತೆ ಕೂರಿಸುವುದರಲ್ಲಿ ಸ್ಟುಡಿಯೋ ಇಟ್ಟಿದ್ದ ಕಮಲಾಕರ ನಾಯ್ಕನನ್ನು ಸರಿಗಟ್ಟುವವರು ಕುಮಟೆ ಪೇಟೆಯಲ್ಲೇ ಇರಲಿಲ್ಲ. ಅದಕ್ಕೆಂದೇ ಒಂದು ಆಟ ಕಟ್ಟಿದ್ದ. "ಅಗಾ, ತಲೆ ಮೇಲೆ ಹಲ್ಲಿ!" ಎನ್ನುವುದು, "ಆತು, ಇನ್ನು ಇಳಿ" ಎನ್ನುವುದು. ಯಾವುದಕ್ಕೂ ಅಲ್ಲಾಡದಿದ್ದರೆ ಪೆಪ್ಪರಮಿಂಟು. ಅವನ ಹತ್ತು ವರ್ಷದ ಮಗಳು ಧನ್ಯಾ ಈ ಆಟದಲ್ಲಿ ಒಮ್ಮೆಯೂ ಸೋತವಳಲ್ಲ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿರುವಷ್ಟು ಹೊತ್ತು ಅಪ್ಪನ ಒಂದು ಮಾತನ್ನೂ ನಂಬಬಾರದು ಎನ್ನುವುದು ಅವಳಿಗೆ ಪಕ್ಕಾ ಆಗಿತ್ತು.

ಎರಡು ಸಾವಿರದ ಎರಡನೇ ಇಸವಿಯ ಡಿಸೆಂಬರಿನ ಒಂದು ಸಂಜೆ ಅವನು ಹೆಡ್‌ಬಂದರದ ಗುಡ್ಡದ ಅಂಚಿನಲ್ಲಿ ಸ್ಟ್ಯಾಂಡ್ ಊರಿದ್ದ. ಕೆಳಗೆ, ದಡದಿಂದ ಕಡಲೊಳಕ್ಕೆ ಚಾಚಿದ ಕಲ್ಲಸಾಲಿನ ತುದಿಬಂಡೆಯ ಮೇಲೆ ಬಿಳಿ ಫ್ರಾಕಿನ ಧನ್ಯಾ. ಲೆನ್ಸಿಗೆ ಕಪ್ಪು ಗಾಜು ಹಾಕಿ ಶಟರನ್ನು ಇಪ್ಪತ್ತು ನಿಮಿಷ ತೆರೆದಿಟ್ಟರೆ ಅಲೆಯೆಲ್ಲ ಹೊಗೆಯಂತಾಗಿ, ನಡುವೆ ಅಲ್ಲಾಡದೆ ನಿಂತವಳೊಬ್ಬಳೇ ಮೂಡುತ್ತಾಳೆ. ಅಂಥದೊಂದು ಚಿತ್ರ ಸ್ಟುಡಿಯೋದ ಗೋಡೆಗೆ ಬೇಕೆಂಬ ಹುಚ್ಚು ಅವನಿಗೆ. ಮಗಳನ್ನು ಬಿಟ್ಟು ಬರುವಾಗ ಕಲ್ಲೆಲ್ಲ ಒಣಗಿತ್ತು, ಪಕ್ಕದಲ್ಲೇ ಮೀನು ಮಾರುವ ನಾಗು ಕಲ್ಲಿಗಂಟಿದ ಚಿಪ್ಪಿ ಕೀಳುತ್ತಿದ್ದಳು. ಆ ಧೈರ್ಯದ ಮೇಲೆ ಸುತ್ತುದಾರಿ ಹಿಡಿದು ಗುಡ್ಡ ಹತ್ತಿದ್ದ. ಬೆಳಕು ಇಳಿಯುವವರೆಗೆ ಕಾದು, ಸೀಟಿ ಹೊಡೆದು ಅವಳನ್ನು ನಿಲ್ಲಿಸಿ, ಶಟರು ತೆರೆದು, ಗಡಿಯಾರದ ಮೇಲೆ ಕಣ್ಣಿಟ್ಟು ಕೂತ.

ಹನ್ನೆರಡು ನಿಮಿಷ ಕಳೆದಿರಬೇಕು. ನಾಗು ಬುಟ್ಟಿ ಹೊತ್ತು ಏದುಸಿರು ಬಿಡುತ್ತ ಮೇಲೆ ಬಂದಳು.

"ಎಂತ ನಾಯ್ಕರೆ, ತಲೆ ನೆಟ್ಟಗೆ ಅದೆಯಾ ನಿಮ್ಗೆ? ನೀರು ಏರ್ತೇ ಅದೆ!"

"ಕೂಸಿಗೆ ಬಾ ಅನ್ನೂಕೆ ಆಗ್ಲಿಲ್ವಾ ನಾಗಕ್ಕ?"

"ಹತ್ತು ಸಲ ಕರ್ದೆ. ಗೊಂಬೆ ಹಂಗೆ ನಿಂತದೆ, ಬಾಯೇ ಬಿಡೂದಿಲ್ಲ. ಎಳ್ಕೊಂಡು ಬರ್ವಾ ಅಂದ್ರೆ ಆ ಜಾರು ಬಂಡೆ ಹತ್ತೂಕೆ ನನ್ನ ಮಂಡಿ ಕೇಳೂದಿಲ್ಲ."

ಕಮಲಾಕರ ಕೆಳಗೆ ನೋಡಿದ. ಕಲ್ಲಸಾಲಿನ ನಡುಭಾಗವೇ ಇರಲಿಲ್ಲ. ಅಲೆ ಹಿಂದೆ ಸರಿದಾಗ ಮಾತ್ರ ಕಪ್ಪಗೆ ಎದ್ದು, ಮತ್ತೆ ಮುಳುಗುತ್ತಿತ್ತು.

"ಧನ್ಯಾ! ಓಡಿ ಬಾ! ನೀರು!"

ಬಿಳಿ ಫ್ರಾಕು ಅಲ್ಲಾಡಲಿಲ್ಲ. ಮತ್ತೆ ಸೀಟಿ ಹೊಡೆದ, ಟವೆಲು ಬೀಸಿದ. "ಆಟ ಅಲ್ಲ ಮಗಾ, ಖರೇ! ದೇವರಾಣೆ!" ಎಂದು ಗಂಟಲು ಹರಿಯುವಂತೆ ಕೂಗಿದ. ಸ್ಟುಡಿಯೋದಲ್ಲಿ ಎಷ್ಟು ಸಲ ಸುಳ್ಳುಸುಳ್ಳೇ ದೇವರಾಣೆ ಹಾಕಿದ್ದನೋ! ಮಗಳು ಕೇಳಿಸಿಕೊಂಡೇ ನಿಂತಿದ್ದಾಳೆ. ಅಪ್ಪ ಕೂಗಿದಷ್ಟೂ ಹಟ ಹಿಡಿದು ಗೆಲ್ಲುತ್ತಿದ್ದಾಳೆ. ಓಡಿ ಇಳಿದರೂ ಐದು ನಿಮಿಷ ಬೇಕು. ಅಷ್ಟರಲ್ಲಿ ದಾರಿ ಮುಚ್ಚಿಹೋಗುತ್ತದೆ. ಅವನಿಗೆ ಈಜು ಬರುವುದಿಲ್ಲ.

ಅವನು ಸ್ಟ್ಯಾಂಡನ್ನು ಕ್ಯಾಮೆರಾ ಸಮೇತ ಕಿತ್ತು, ತಲೆಯ ಮೇಲೆತ್ತಿ, ಗುಡ್ಡದ ಕೆಳಗೆ ಎಸೆದ.

ಅದು ಕಲ್ಲಿಂದ ಕಲ್ಲಿಗೆ ಬಡಿಯುತ್ತ, ಚೂರಾಗುತ್ತ ಉರುಳಿತು.

"ಅಪ್ಪಾ! ಕ್ಯಾಮೆರಾ!" ಕೆಳಗಿನಿಂದ ಸಣ್ಣ ಚೀರುದನಿ ಕೇಳಿತು. ಬಿಳಿ ಫ್ರಾಕು ಬಂಡೆಯಿಂದ ಹಾರಿ ಕಲ್ಲಸಾಲಿನ ಮೇಲೆ ಓಡತೊಡಗಿತು. ನಡುಭಾಗಕ್ಕೆ ಬಂದಿತ್ತೋ ಇಲ್ಲವೋ, ಅಲೆಯೊಂದು ಅಡ್ಡ ಬಂತು. ನೊರೆ ಇಳಿದಾಗ ಅಲ್ಲಿ ಯಾರೂ ಇರಲಿಲ್ಲ.

ಅವನು ಇಳಿದದ್ದು ದಾರಿಯಲ್ಲಿಯೋ, ಮುಳ್ಳುಕಂಟಿಯ ಮೇಲೆಯೋ ಅವನಿಗೇ ತಿಳಿಯದು. ಬಾಯಲ್ಲಿ ಇಡಗುಂಜಿಯ ಗಣಪತಿಯ ಹೆಸರು ಅರ್ಧರ್ಧವೇ ಬರುತ್ತಿತ್ತು, ಕಣ್ಣಿಗೆ ಬರೀ ನೊರೆ.

ಮರಳಿನ ಮೇಲೆ ಧನ್ಯಾ ಮಂಡಿಯೂರಿ ಕೂತಿದ್ದಳು. ತಲೆಯಿಂದ ನೀರು ಸುರಿಯುತ್ತಿತ್ತು, ಅಲೆ ಬಡಿದಾಗ ಕಲ್ಲು ತಬ್ಬಿ ಹಿಡಿದಿದ್ದ ಎರಡೂ ಕೈಗಳಲ್ಲಿ ರಕ್ತ.

"ನಾ ಸೋಲ್ಲಿಲ್ಲ ಅಪ್ಪಾ," ಎಂದಳು ಹಲ್ಲು ಕಟಕಟ ಎನ್ನುತ್ತ. "ಕ್ಯಾಮೆರಾ ಬಿದ್ದ ಮೇಲೇ ಓಡಿದ್ದು."

ಹಿಂದೆ ಅವಳು ನಿಂತಿದ್ದ ಬಂಡೆಯ ಮೇಲೆ ಅಲೆ ಒಡೆದ ಸದ್ದು ಕೇಳಿತು. ಅವನು ತಿರುಗಿ ನೋಡಲಿಲ್ಲ. ಮಗಳ ಮಣಿಕಟ್ಟು ಹಿಡಿದು ಎಬ್ಬಿಸಿ ನಡೆಸಿದ.

ರಸ್ತೆಗೆ ಬಂದಾಗ ಅವಳು ಅಳುದನಿಯಲ್ಲಿ, "ಕೈ ನೋಯ್ತದೆ, ಬಿಡು ಅಪ್ಪಾ," ಎಂದಳು.

ಬಿಡಬೇಕೆಂದುಕೊಂಡ. ಬೆರಳು ಬಿಚ್ಚಲಿಲ್ಲ.