ಕೂಸಿಗೂ ಮುಂಚಿನ ಕುಲಾವಿ

ಅಣ್ಣನ ದನಿ ಹೋಗುವುದರೊಳಗೆ ಅವನ ತಲೆಯಲ್ಲಿರುವುದನ್ನೆಲ್ಲ ಬರೆಸಿಕೊಳ್ಳಬೇಕೆಂದು ನಾನು ಕೆಲಸಕ್ಕೆ ರಜೆ ಹಾಕಿ ಅವನ ಮನೆಗೆ ಬಂದೆ. ಕೈಗಳು ಆಗಲೇ ಹೋಗಿದ್ದವು. ನರಗಳು ಒಂದೊಂದಾಗಿ ಸಾಯುವ ರೋಗ. ಮುಂದೆ ನಾಲಿಗೆ, ಆಮೇಲೆ ಉಸಿರು ಎಂದು ಡಾಕ್ಟರು ಬಸ್ ಸ್ಟಾಪುಗಳ ಹೆಸರು ಹೇಳುವವರ ಹಾಗೆ ಹೇಳಿದ್ದರು.

ಬರೆಸಿಕೊಳ್ಳಬೇಕಾದದ್ದು ಆಸ್ತಿಪಾಸ್ತಿಯ ವಿಷಯವಲ್ಲ. ಅಪ್ಪ ಉಸಿರಾಟದ ಯಂತ್ರದ ಮೇಲಿದ್ದ ಕಾಲದಲ್ಲಿ ಅಣ್ಣ ಒಂದು ಸಾಫ್ಟ್‌ವೇರ್ ಬರೆದಿದ್ದ. ಕೊಳವೆಗೆ ಸಿಕ್ಕಿಸಿದ ಹೆಬ್ಬೆರಳಿನ ಗಾತ್ರದ ಸೆನ್ಸರು ರೋಗಿಯ ಉಸಿರು ಅಳೆಯುತ್ತದೆ, ಉಸಿರು ತಪ್ಪಿದರೆ ಗಂಟೆ ಹೊಡೆಯುತ್ತದೆ. ಅಪ್ಪ ಹೋದ ಮೇಲೆ ಅದನ್ನು ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟ. ಕಂಪನಿಯವರು ಕೈಬಿಟ್ಟ ಹಳೇ ಯಂತ್ರಗಳನ್ನೇ ನೆಚ್ಚಿಕೊಂಡ ಮನೆಗಳವರು ಎಲ್ಲೆಲ್ಲಿಂದಲೋ ಬಂದು ಹಾಕಿಕೊಂಡರು. ಅದನ್ನು ನಡೆಸುವುದು ಹೇಗೆಂದು ಮಾತ್ರ ಕೈಪಿಡಿಯೆಂದು ಎಲ್ಲೂ ಒಂದು ಸಾಲು ಬರೆದಿರಲಿಲ್ಲ. ಕೇಳಿದವರಿಗೆಲ್ಲ ಅಣ್ಣನೇ ಫೋನಿನಲ್ಲಿ ಹೇಳಿಕೊಡುತ್ತಿದ್ದ. ಒಬ್ಬಾಕೆ ತನ್ನ ಗಂಡನ ಯಂತ್ರದ ಬ್ಯಾಟರಿ ಬಗ್ಗೆ ಜೀವ ತಿನ್ನುತ್ತಿದ್ದುದರಿಂದ ಅಣ್ಣನ ಮನೆಯಲ್ಲಿ ಆಕೆಗೆ ಬ್ಯಾಟರಿಯಮ್ಮ ಎಂದೇ ಹೆಸರು. ಈಗ ಬ್ಯಾಟರಿಯಮ್ಮನ ಪ್ರಶ್ನೆ ಬೇರೆಯಾಗಿತ್ತು. ಸೆನ್ಸರು ಹಳತಾಯಿತು, ಬದಲಾಯಿಸುವುದು ಹೇಗೆ? ಬರೆದೇ ಕಳಿಸುತ್ತೇನೆ ಎಂದು ಅಣ್ಣ ಮಾತು ಕೊಟ್ಟಿದ್ದ.

ಅಪ್ಪನ ಯಂತ್ರ ಅಟ್ಟದಿಂದ ಇಳಿದು ಅಣ್ಣನ ಮಂಚದ ಪಕ್ಕಕ್ಕೆ ಬಂದಿತ್ತು. ಸ್ವಂತ ಉಸಿರು ಇನ್ನೂ ಇರುವಾಗಲೇ ಅವನು ಅದರ ಸೆನ್ಸರಿಗೆ ತನ್ನ ಉಸಿರಿನ ಅಳತೆ ಕೊಟ್ಟಿಟ್ಟಿದ್ದ. ಉಸಿರು ತಪ್ಪಿತೋ ಇಲ್ಲವೋ ಎಂದು ಅದು ತಿಳಿಯುವುದು ಆ ಅಳತೆಯಿಂದಲೇ.

"ಸೆನ್ಸರಿನ ಪುಟದಿಂದಲೇ ಶುರು ಮಾಡೋಣ, ಹೇಳು," ಎಂದು ಲ್ಯಾಪ್‌ಟಾಪ್ ತೆರೆದೆ.

"ತಡಿಯೇ. ಸುಮ್ನೆ ಬರ್ಕೊಂಡು ಹೋದ್ರೆ ಆಮೇಲೆ ಎಲ್ಲಾ ಕಲಸುಮೇಲೋಗರ ಆಗುತ್ತೆ. ಮೊದಲು ಟೂಲ್ ಹಾಕ್ಕೊಳ್ಳೋಣ."

ನಾನು ಅಚ್ಚಿನ ಮನೆಯಲ್ಲಿ ಕರಡು ತಿದ್ದುವವಳು, ಟೂಲ್ ಎಂದರೆ ನನಗೆ ಕೆಂಪು ಪೆನ್ನು. ಇದು ಬೇರೆ. ಸಾದಾ ಬರಹದ ನಡುವೆ ಇದು ಶೀರ್ಷಿಕೆ, ಇದು ಎಚ್ಚರಿಕೆ ಎಂದು ಗುರುತು ಹಾಕುತ್ತ ಹೋಗಬೇಕು. ಟೂಲ್ ಆ ಗುರುತುಗಳನ್ನು ಓದಿ, ಒಂದೇ ಬರಹದಿಂದ ವೆಬ್ ಪುಟವನ್ನೂ ಪುಸ್ತಕವನ್ನೂ ತೆಗೆದುಕೊಡುತ್ತದೆ. ಕೇಳಲು ಚೆನ್ನಾಗಿದೆ. ಹಾಕಿಕೊಳ್ಳಲು ಹೋದರೆ ಒಂದಕ್ಕೆ ಇನ್ನೊಂದು ಬೇಕು, ಆ ಇನ್ನೊಂದರ ಹೊಸ ಆವೃತ್ತಿಗೆ ಮೊದಲನೆಯದು ಆಗಿಬರುವುದಿಲ್ಲ, ಅತ್ತೆ ಸೊಸೆಯರ ಸಂಸಾರ. ಅದು ಸರಿಹೋಯಿತೆನ್ನುವಾಗ ಪುಸ್ತಕದಲ್ಲಿ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾದವು. ಅದಕ್ಕೊಂದು ಫಾಂಟು ಹುಡುಕಿದೆವು. ಆಮೇಲೆ ಎಚ್ಚರಿಕೆಯ ಚೌಕಕ್ಕೆ ಯಾವ ಕೆಂಪು ಎಂದು ಅಣ್ಣ ತಲೆ ಕೆಡಿಸಿಕೊಂಡ.

"ಅಣ್ಣ ತಂಗಿ ಸೇರಿ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಿದ್ದೀರಿ," ಅತ್ತಿಗೆ ಒಗೆದ ದುಪ್ಪಟಿ ಮಡಚುತ್ತ ಅಂದರು.

"ಕುಲಾವಿ ಚೆನ್ನಾಗಿರ್ಲಿ ಬಿಡೆ. ಕೂಸು ಎಲ್ಲಿಗೆ ಹೋಗುತ್ತೆ?" ಅಂದ ಅಣ್ಣ. ಆ ಮಾತಿನಲ್ಲೇ ನಾಲಿಗೆ ಎರಡು ಕಡೆ ತೊಡರಿತು.

ನನಗೆ ಸಿಟ್ಟು ಬರುತ್ತಿತ್ತು. ಸೆನ್ಸರಿನ ಪುಟ ಎಂದಾಗಲೆಲ್ಲ ಅವನು ಇನ್ನೊಂದು ಗುರುತು, ಇನ್ನೊಂದು ಜೋಡಣೆ ತೆಗೆಯುತ್ತಿದ್ದ. ಅದು ಸೋಮಾರಿತನವಲ್ಲ, ಹೆದರಿಕೆ ಎಂದು ಬೇಗ ಗೊತ್ತಾಗಲಿಲ್ಲ. ಆ ಪುಟ ಹೇಳಿ ಬರೆಸಬೇಕಾದರೆ ಕೊಳವೆಯ ಈ ತುದಿಯಲ್ಲಿ ತಾನೇ ಮಲಗಿರುವುದನ್ನು ಅವನು ನೋಡಬೇಕಾಗಿತ್ತು. ಗೊತ್ತಾದ ಮೇಲೆ ನನಗೂ ಒತ್ತಾಯ ಮಾಡಲು ಬಾಯಿ ಬರಲಿಲ್ಲ. ಫಾಂಟಿನ ಬಗ್ಗೆ ಜಗಳವಾಡುವಾಗ ಅವನು ಮೊದಲಿನ ಅಣ್ಣನ ಹಾಗೇ ಇರುತ್ತಿದ್ದ.

ಕೊನೆಗೊಂದು ದಿನ ಟೂಲ್ ಒಂದೂ ತಕರಾರಿಲ್ಲದೆ ಓಡಿತು. ಪರಿವಿಡಿ, ಹುಡುಕುವ ಪೆಟ್ಟಿಗೆ, ಅಧ್ಯಾಯಗಳು, ಎಲ್ಲ ಅಚ್ಚುಕಟ್ಟು. ಯಾವ ಅಧ್ಯಾಯ ತೆರೆದರೂ ಒಳಗೆ 'ಬರೆಯಬೇಕಿದೆ' ಎಂಬ ಒಂದೇ ಮಾತು. ತುಂಬಿದ್ದದ್ದು ಒಂದೇ ಪುಟ, ಈ ಟೂಲನ್ನು ಹಾಕಿಕೊಳ್ಳುವುದು ಹೇಗೆ ಎಂಬುದು. ಅಣ್ಣ ಪರದೆ ನೋಡಿ ಮಗುವಿನ ಹಾಗೆ ನಕ್ಕ. ನಾಳೆಯಿಂದ ಬರೆಯೋಣ ಅಂದ.

ಮರುದಿನ ಬೆಳಿಗ್ಗೆ ಅವನಿಗೆ ಉಸಿರು ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ಕತ್ತಿಗೆ ತೂತು ಮಾಡಿ ಕೊಳವೆ ಇಟ್ಟರು. ಮನೆಗೆ ಬಂದಾಗ ಉಸಿರು ಯಂತ್ರದ್ದು, ದನಿ ಇಲ್ಲ, ಕಣ್ಣು ಮಾತ್ರ ಅವನದು.

ಗಂಟೆ ಅದರ ಪಾಡಿಗೆ ಕೆಲಸ ಮಾಡುತ್ತಿತ್ತು. ಆಮೇಲೆ ಅದು ಸುಮ್ಮಸುಮ್ಮನೆ ಹೊಡೆಯತೊಡಗಿತು. ಹೊಸ ಸೆನ್ಸರು ತರಿಸಿದೆವು. ಅದು ಬಂದ ಬೆಳಿಗ್ಗೆ ಅತ್ತಿಗೆ ಹಳೆಯದನ್ನು ಬಿಚ್ಚಿ, ಒರೆಸಿ, ಹೊಸದನ್ನು ಸಿಕ್ಕಿಸಿದರು. ಬಲ್ಬು ಬದಲಾಯಿಸುವ ಯಾರೇ ಆದರೂ ಹಾಗೆಯೇ ಮಾಡುತ್ತಾರೆ. ಪರದೆ 'ಉಸಿರಿನ ಅಳತೆ ಇಲ್ಲ' ಅಂದಿತು. ಕೈಪಿಡಿ ತೆರೆದರೆ 'ಬರೆಯಬೇಕಿದೆ'.

ನಾನು ಅಕ್ಷರದ ಹಲಗೆ ಹಿಡಿದು ಅಣ್ಣನ ಮುಂದೆ ಕೂತೆ. ಸಾಲಿನ ಮೇಲೆ ಬೆರಳಿಡಬೇಕು, ಹೌದಾದರೆ ಕಣ್ಣು ಮೇಲೆತ್ತುತ್ತಾನೆ. ಒಂದೊಂದು ಅಕ್ಷರಕ್ಕೂ ಅವನ ಹಣೆ ಬೆವರುತ್ತಿತ್ತು. ಕೂಡಿಸಿ ಜೋರಾಗಿ ಓದಿದೆ.

"ಹಳೇದು ಬಿಚ್ಚೋ ಮೊದಲು."

ಹಳೆಯದು ಅತ್ತಿಗೆಯ ಅಂಗೈಯಲ್ಲಿತ್ತು.

"ಮತ್ತೆ ಹಾಕಿದ್ರೆ ಆಗಲ್ವಾ?" ಅತ್ತಿಗೆ ಅವನನ್ನೇ ಕೇಳಿದರು. ಕಣ್ಣು ಮೇಲೇಳಲಿಲ್ಲ.

ಉಳಿದದ್ದನ್ನು ಹೇಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಹಳೆಯದು ಓಡುತ್ತಿರುವಾಗಲೇ ಹೊಸದನ್ನು ಪಕ್ಕದಲ್ಲಿ ಜೋಡಿಸಿ ಅಳತೆ ದಾಟಿಸಬೇಕು. ಬಿಚ್ಚಿದರೆ ಅಳಿಸಿಹೋಗುತ್ತದೆ. ಆ ಅಳತೆ ಅಣ್ಣ ಸ್ವಂತವಾಗಿ ಉಸಿರಾಡುತ್ತಿದ್ದಾಗ ತೆಗೆದದ್ದು, ಇನ್ನೊಮ್ಮೆ ತೆಗೆಯಲು ಆ ಉಸಿರೇ ಇಲ್ಲ. ಅಳತೆಯಿಲ್ಲದೆ ಗಂಟೆ ಹೊಡೆಯುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅವನು ಹೇಳಿದ್ದನ್ನು ನಾನು ಟೈಪ್ ಮಾಡಿದೆ. ಎಚ್ಚರಿಕೆಯ ಗುರುತು ಹಾಕಿದೆ. ಟೂಲ್ ಓಡಿಸಿದೆ. ಒಂದೂ ತಪ್ಪಿಲ್ಲ. ಅಣ್ಣ ಆರಿಸಿದ್ದ ಕೆಂಪಿನ ಚೌಕದಲ್ಲಿ ಒತ್ತಕ್ಷರಗಳು ಸರಿಯಾಗಿ ಕೂತಿದ್ದವು.

ಬ್ಯಾಟರಿಯಮ್ಮನಿಗೆ ಆ ಪುಟ ಕಳಿಸಿದೆ. ಕೂಡಲೇ ಉತ್ತರ ಬಂತು. 'ಬದುಕಿಸಿದಿರಿ. ನಾಳೆ ಬಿಚ್ಚುವವಳಿದ್ದೆ.' ಅಣ್ಣನಿಗೆ ಓದಿ ಹೇಳಿದೆ. ಅವನು ಕಣ್ಣು ಮೇಲೆತ್ತಿದ.

ಅತ್ತಿಗೆ ಹಳೆಯ ಸೆನ್ಸರನ್ನು ಕಿಟಕಿಯ ಮೇಲಿಟ್ಟು, ಕುರ್ಚಿಯನ್ನು ಮಂಚಕ್ಕೆ ತಾಗುವ ಹಾಗೆ ಎಳೆದುಕೊಂಡರು. "ನೀನು ಊಟ ಮಾಡಿ ಬಾ. ಅಲ್ಲಿತನಕ ನಾನು ಕೇಳಿಸ್ಕೊಳ್ತಾ ಇರ್ತೀನಿ," ಅಂದರು.

ಆಮೇಲೆ ನನ್ನ ಪಾಳಿ. ಈಗ ಆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ, ಪಾತ್ರೆ ಸದ್ದು ಮಾಡುವುದಿಲ್ಲ. ಅವನ ಉಸಿರು ಕೇಳಿಸಬೇಕು.