ಕೋದಂಡಪ್ಪನ ಎರಡು ದಿನ

ಶೌರ್ಯದ ಪದಕ ಇದ್ದದ್ದು ನನ್ನ ಟ್ರಂಕಿನಲ್ಲಿ, ಆದರೆ ಅದರ ಕತೆ ಹೇಳುತ್ತಿದ್ದವನು ಕೋದಂಡಪ್ಪ. ಚಿನ್ನದ ಗಣಿಯ ಊರಾದ ಉರಿಗಾಂನಲ್ಲಿ, ಕಾರ್ಮಿಕರ ಲೈನ್ ಮನೆಗಳ ಮುಂದೆ ಭಾನುವಾರ ನಾಲ್ಕು ಜನ ಸೇರಿದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಶುರು ಮಾಡಿರುತ್ತಿದ್ದ.

"ಬರ್ಮಾದಾಗೆ ಆ ನದಿ ಐತಲ್ಲ, ಎದೆಮಟ್ಟ ನೀರು. ನಮ್ ಆಂಜಿನಪ್ಪ, ಗಾಯ ಆಗಿದ್ದ ಅವಲ್ದಾರ್‌ನ ಎಗಲ ಮ್ಯಾಲೆ ಆಕ್ಕೊಂಡು ಇಳಿದ್ನಪ್ಪಾ..."

ನೀರು ಎಷ್ಟು ತಣ್ಣಗಿತ್ತು, ಹವಾಲ್ದಾರ ಕಿವಿಯ ಹತ್ತಿರ ಯಾವ ದೇವರನ್ನು ಕರೆಯುತ್ತಿದ್ದ, ಆಚೆ ದಡದಲ್ಲಿ ಎರಡು ದಿನ ಎಂಥ ಬಂಡೆಯ ಮರೆಯಲ್ಲಿ ಬಿದ್ದುಕೊಂಡಿದ್ದು, ಒಂದನ್ನೂ ಬಿಡುತ್ತಿರಲಿಲ್ಲ. ಆಂಜಿನಪ್ಪ ಎಂದರೆ ನಾನೇ; ಜನ ನನ್ನ ಕಡೆ ನೋಡಿ ತಲೆದೂಗುತ್ತಿದ್ದರು. ನನ್ನ ಹೆಂಡತಿ ಕದಿರಮ್ಮ ಮಾತ್ರ ಅವನನ್ನೇ ನೋಡುತ್ತಿದ್ದಳು. ಅವನು ಮನೆಗೆ ಬಂದರೆ ಕಾಫಿಗೆ ಬೆಲ್ಲ ಒಂದು ಚೂರು ಜಾಸ್ತಿಯೇ ಬೀಳುತ್ತಿತ್ತು.

ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಹದಿನಾಲ್ಕು ವರ್ಷದಿಂದ ಉರಿಯುತ್ತಲೇ ಇತ್ತು. ಯಾಕೆಂದರೆ ಆ ನದಿಗೆ ನಾನು ಕಾಲೇ ಇಟ್ಟವನಲ್ಲ. ಇಳಿದವನು ಅವನು.

ಒಬ್ಬರ ಬದಲು ಇನ್ನೊಬ್ಬರು ಹೋಗುವುದು ನಾವು ಗಣಿಯಲ್ಲಿ ಕಲಿತ ಚಾಳಿ. ಸುರಂಗಕ್ಕೆ ಇಳಿಯುವ ಮುಂಚೆ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಹಿಡಿದು ಹಾಜರಿ ಕೊಡಬೇಕು. ಒಬ್ಬನಿಗೆ ಮೈ ಸರಿಯಿಲ್ಲದಿದ್ದರೆ ಬೇರೆ ಪಾಳಿಯ ಗೆಳೆಯ ಅವನ ಬಿಲ್ಲೆ ಹಿಡಿದು ಇಳಿಯುತ್ತಿದ್ದ. ಗೆಳೆಯನಿಗೆ ಕಷ್ಟ ಬಂದ ದಿನ ಇವನು ಅವನ ಬಿಲ್ಲೆ ಹಿಡಿಯಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ತಪ್ಪುತ್ತಲೂ ಇರಲಿಲ್ಲ.

ನಾನೂ ಕೋದಂಡಪ್ಪನೂ ಗಣಿ ಬಿಟ್ಟು ಒಂದೇ ದಿನ ಸೈನ್ಯಕ್ಕೆ ಸೇರಿದೆವು. ನಲವತ್ತನಾಲ್ಕರಲ್ಲಿ ಬರ್ಮಾದಲ್ಲಿ ನನಗೆ ಚಳಿಜ್ವರ ಹಿಡಿಯಿತು. ಹಿಂದಿನ ದಿನವಷ್ಟೇ ಡಾಕ್ಟರು ನನ್ನನ್ನು ಮೈಗಳ್ಳ ಎಂದು ಬೈದು ಕಳಿಸಿದ್ದರು. ಇನ್ನೊಂದು ಡ್ಯೂಟಿ ತಪ್ಪಿದರೆ ಶಿಕ್ಷೆ ಖಾಯಂ. ಕೋದಂಡಪ್ಪನಿಗೆ ಅವತ್ತು ಬಿಡುವಿತ್ತು. ನನ್ನ ಕೊರಳಿನ ನಂಬರು ಬಿಲ್ಲೆ ಬಿಚ್ಚಿ ತಾನು ಹಾಕಿಕೊಂಡ, ತನ್ನದನ್ನು ನನ್ನ ಕೊರಳಿಗೆ ಕಟ್ಟಿದ. "ಸಾಯಂಕಾಲ ನನ್ ಎಸ್ರು ಕೂಗ್ದಾಗ ಆಜರ್ ಅನ್ನು, ಸಾಕು" ಎಂದು ಹೇಳಿ ಹೊರಟ.

ಮಿಕ್ಕಿದ್ದು ಅವನು ಹೇಳುವ ಕತೆಯಲ್ಲೇ ಇದೆ. ಎರಡು ದಿನದ ಮೇಲೆ ಆಚೆ ದಡಕ್ಕೆ ಬಂದ ಅಧಿಕಾರಿ ಅವನ ಕೊರಳು ನೋಡಿ ನಂಬರು ಬರೆದುಕೊಂಡರು. ಎಂಟು ತಿಂಗಳ ಮೇಲೆ ಆ ನಂಬರಿಗೆ ಪದಕ ಬಂತು. ಬಿಲ್ಲೆ ಬದಲಾಯಿಸಿದ್ದು ಗೊತ್ತಾದರೆ ಇಬ್ಬರಿಗೂ ಜೈಲೇ ಗತಿ ಎಂದು ಸುಮ್ಮನಾದೆವು. ಎದೆಯ ಮೇಲಿನ ಆ ಪದಕ ನೋಡಿಯೇ ಕದಿರಮ್ಮನ ಅಪ್ಪ ನನಗೆ ಹೆಣ್ಣು ಕೊಟ್ಟರು.

ಯುದ್ಧ ಮುಗಿದ ಮೇಲೆ ಇಬ್ಬರೂ ಮತ್ತೆ ಗಣಿಗೇ ಬಂದೆವು. ಐವತ್ತೆಂಟರ ಹೊತ್ತಿಗೆ ಗಣಿಯ ಧೂಳು ಕೋದಂಡಪ್ಪನ ಎದೆಯಲ್ಲಿ ಕೂತುಬಿಟ್ಟಿತ್ತು. ಇನ್ನು ಸುರಂಗಕ್ಕೆ ಇಳಿಯಕೂಡದು ಎಂದು ಡಾಕ್ಟರು ಹೇಳಿದ್ದರು. ಒಂದು ಬೆಳಿಗ್ಗೆ ಅವನು ಕೆಮ್ಮುತ್ತ ನಮ್ಮ ಬಾಗಿಲಿಗೆ ಬಂದ.

"ಲೇ ಆಂಜಿನಪ್ಪ, ಬಂಗಾರಪೇಟೆಗೆ ಓಗಿ ಒಂದು ರುಜು ಆಕ್ಬಿಟ್ ಬಾರ್ಲಾ. ಮಿಲಿಟ್ರಿ ದಾಖ್ಲೆ ತಿದ್ದೋಕೆ ಅರ್ಜಿ ಬರೆಸಿವ್ನಿ. ಅರ್ಜಿ ಬರೆಯೋ ವೆಂಕಟೇಶಪ್ಪ ಎಲ್ಲಾ ಯೋಳ್ತಾರೆ."

ಏನು ತಿದ್ದಬೇಕು ಎಂದು ನಾನು ಕೇಳಲಿಲ್ಲ. ಕೇಳುವುದೇನಿದೆ? ಅವನು ಕಾಫಿ ಕುಡಿದು ಹೋದ ಮೇಲೆ, "ಪದಕ ಕಿತ್ಕೊಳ್ಳಾಕೆ ಒಂಟವ್ನೆ" ಎಂದು ಕೂಗಾಡಿದೆ.

ಕದಿರಮ್ಮ ಲೋಟ ತೊಳೆಯುತ್ತಿದ್ದಳು. "ಅವ್ರದ್ನ ಅವ್ರು ಕೇಳಿದ್ರೆ ಕಿತ್ಕೊಂಡಂಗಾ?" ಎಂದಳು.

ನಾನು ಎದ್ದು ಬಾಗಿಲು ಹಾಕಿದೆ. "ನಿಂಗ್ಯಾರು ಯೋಳಿದ್ರು?"

"ಯಾರೂ ಯೋಳಿಲ್ಲ. ನೀರು ತಣ್ಣಗಿತ್ತು ಅನ್ನೋವಾಗ ಅವ್ರ ಮೈ ಜುಮ್ ಅನ್ನೋದ್ನ ನೋಡಿದೀನಿ. ನಿಮ್ಮೈ ಒಂದ್ಸಲಾನೂ ಅಂದಿಲ್ಲ."

ಅವಳು ಇಷ್ಟು ವರ್ಷವೂ ಬೆಲ್ಲ ಯಾಕೆ ಜಾಸ್ತಿ ಹಾಕುತ್ತಿದ್ದಳು ಎನ್ನುವುದು ಆಗ ತಿಳಿಯಿತು. ಅವನ ಮೇಲಿದ್ದ ಸಿಟ್ಟು ಎರಡರಷ್ಟಾಯಿತು. ಹೋಗಿ ಅವನ ಅರ್ಜಿಯನ್ನು ಅಲ್ಲೇ ಹರಿದು ಬಿಸಾಡುತ್ತೇನೆ ಎಂದುಕೊಂಡೆ. ಬೇಕೆಂದೇ ಕೋಟು ತೊಟ್ಟು, ಪದಕ ಚುಚ್ಚಿಕೊಂಡು ರೈಲು ಹತ್ತಿದೆ.

ವೆಂಕಟೇಶಪ್ಪನವರು ತಾಲ್ಲೂಕು ಕಚೇರಿಯ ಎದುರು ಹುಣಸೆಮರದ ಕೆಳಗೆ ಮೇಜು ಹಾಕಿಕೊಂಡಿದ್ದರು. ಪದಕ ಕಂಡವರೇ ಎದ್ದು ನಿಂತರು. "ಬನ್ನಿ ಸ್ವಾಮಿ, ಕೂತ್ಕೊಳ್ಳಿ. ಪದಕ ತಗೊಂಡೋರ ಸಾಕ್ಷಿ ಅಂದ್ರೆ ಅರ್ಜಿಗೆ ತೂಕ ಜಾಸ್ತಿ."

"ಪದಕದ ಬಗ್ಗೆ ಏನಂತ ಬರೆಸವ್ನೆ ಅವ್ನು?"

"ಪದಕಾನಾ? ಇದ್ರಲ್ಲಿ ಪದಕದ ಮಾತೇ ಇಲ್ಲವಲ್ಲ" ಎಂದು ಅವರು ಕಾಗದ ಬಿಡಿಸಿ ಓದಿದರು.

ಬೇತಮಂಗಲದ ಕೆರೆಯ ಹತ್ತಿರ ಪಂಪ್ ಹೌಸಿಗೆ ಕಾವಲುಗಾರ ಬೇಕಾಗಿದ್ದ. ಮಾಜಿ ಸೈನಿಕರಿಗೇ ಆ ಕೆಲಸ, ಆದರೆ ಸೈನ್ಯದ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದ ತಪ್ಪು ಇರಬಾರದು. ಕೋದಂಡಪ್ಪನ ಪುಸ್ತಕದಲ್ಲಿ ಇತ್ತು: ಶತ್ರುವಿನ ಎದುರಿಗೇ ಎರಡು ದಿನ ಗೈರುಹಾಜರಿ. ಅದನ್ನು ಹೊಡೆದುಹಾಕಿ ಎನ್ನುವುದೇ ಅರ್ಜಿ. ಕಾರಣವನ್ನೂ ಬರೆಸಿದ್ದ. "ಆ ಎರಡು ದಿನ ನಾನು ಚಳಿಜ್ವರದಿಂದ ಡೇರೆಯಲ್ಲಿ ಮಲಗಿದ್ದೆ. ಹೆಸರು ಕೂಗಿದ್ದು ಕೇಳಿಸಲಿಲ್ಲ. ನನ್ನ ಜೊತೆಗಾರ ಆಂಜಿನಪ್ಪನಿಗೆ ಇದು ಗೊತ್ತು."

ಅದು ನನ್ನ ಜ್ವರ.

ಮಲಗಿದ್ದವನು ನಾನು. ಹೆಸರು ಕೂಗಿದ್ದು ನನಗೆ ಚೆನ್ನಾಗಿಯೇ ಕೇಳಿಸಿತ್ತು, ಎರಡು ದಿನವೂ, ಸಾಯಂಕಾಲ ಮೂರು ಮೂರು ಸಲ. ಎದ್ದು ಹಾಜರ್ ಎಂದು ಒಂದು ಮಾತು ಅಂದಿದ್ದರೆ ಸಾಕಾಗಿತ್ತು. ಸಿಕ್ಕಿಬೀಳುತ್ತೇನೆ ಎಂದು ಹೆದರಿ ಕಂಬಳಿ ಎಳೆದುಕೊಂಡೆ. ಅವನು ನನ್ನ ಬಿಲ್ಲೆ ಹಿಡಿದ, ನಾನು ಅವನ ಬಿಲ್ಲೆ ಹಿಡಿಯಲಿಲ್ಲ. ಇದನ್ನು ಅವನು ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಎತ್ತಿ ಆಡಿರಲಿಲ್ಲ.

ಅವನು ಪದಕ ಕೇಳಿದ್ದರೆ ಚೆನ್ನಾಗಿತ್ತು. ಇಲ್ಲ ಎಂದು ಜಗಳ ಮಾಡಿ ಮನೆಗೆ ಹೋಗಿ ಉಣ್ಣುತ್ತಿದ್ದೆ. ಇವನು ಪದಕವನ್ನೂ ನನಗೇ ಬಿಟ್ಟು, ನನ್ನ ಜ್ವರವನ್ನೂ ತನ್ನ ಮೈಮೇಲೆ ಎಳೆದುಕೊಂಡು, ಅದಕ್ಕೆ ನನ್ನ ರುಜು ಕೇಳುತ್ತಿದ್ದ. ಎಷ್ಟು ಅಂತ ದೊಡ್ಡವನಾಗುತ್ತಾನೆ ಇವನು? ಇಲ್ಲೂ ಅವನೇ ಮೇಲಾಗುವುದನ್ನು ಸಹಿಸಲು ನನ್ನಿಂದ ಆಗಲಿಲ್ಲ. ಒಳ್ಳೆಯತನ ಎಂದು ಯಾರೂ ತಿಳಿಯಬೇಡಿ, ಬರೀ ಹೊಟ್ಟೆಕಿಚ್ಚು.

"ಇದು ಸುಳ್ಳು. ಬೇರೆ ಕಾಗದ ತಗೊಳ್ಳಿ" ಎಂದೆ.

ಬಿಲ್ಲೆ, ನದಿ, ಕಂಬಳಿ, ಎಲ್ಲವನ್ನೂ ಹೇಳಿದೆ. ವೆಂಕಟೇಶಪ್ಪನವರು ಅರ್ಧದಲ್ಲೇ ಲೇಖನಿ ಕೆಳಗಿಟ್ಟರು. "ಪದಕ ಓಗ್ತದೆ ಸ್ವಾಮಿ. ಕೇಸೂ ಆಗ್ಬೋದು. ಊರಾಗೆ ತಲೆ ಎತ್ತಂಗಿರಲ್ಲ."

"ಬರೀರಿ."

ಗಾಳಿಗೆ ಕಾಗದ ಹಾರುತ್ತಿತ್ತು. ಕೋಟಿನಿಂದ ಪದಕ ಬಿಚ್ಚಿ ಅದರ ಮೇಲಿಟ್ಟೆ. ಅವರು ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿದರು. ಎರಡಕ್ಕೂ ರುಜು ಹಾಕಿ, ಇಂಗ್ಲಿಷಿನದನ್ನು ಕಳಿಸಲು ಅವರಿಗೇ ಬಿಟ್ಟು, ಪದಕವನ್ನೂ ಕನ್ನಡದ್ದನ್ನೂ ಜೇಬಿನಲ್ಲಿಟ್ಟುಕೊಂಡು ಮಧ್ಯಾಹ್ನದ ರೈಲಿಗೆ ವಾಪಸು ಬಂದೆ.

ಕೋದಂಡಪ್ಪ ತನ್ನ ಮನೆಯ ಜಗಲಿಯ ಮೇಲೆ ಕೂತಿದ್ದ. "ಆಕಿದ್ಯೇನ್ಲಾ ರುಜು?" ಎಂದ. ಅವನಿಗೆ ಓದು ಬರದು. ನಾನೇ ಕಾಗದ ತೆಗೆದು ಓದಿದೆ.

ಕೇಳುತ್ತ ಕೇಳುತ್ತ ಅವನ ಮುಖ ಕೆಂಪಾಯಿತು. "ಯಾರ್ಲಾ ಕೇಳಿದ್ರು ನಿನ್ನ ಇದ್ನ? ಮನೆ ಮಠ ಕಳ್ಕೊಂತೀಯೇನ್ಲಾ? ನಂಗೆ ಬೇಕಾಗಿದ್ದು ಒಂದು ಕಾವ್ಲು ಕೆಲ್ಸ, ಅಷ್ಟೇ ಕಣ್ಲಾ!" ಎಂದು ಬೈದ. ಬೈದು ಬೈದು ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಕಾಗದದ ಕಡೆ ಕೈ ತೋರಿಸಿದ.

"ಇನ್ನೊಂದ್ಸಲ ಓದು."

ಓದಿದೆ.

"ಎಲ್ಲಾ ಬ್ಯಾಡ. ನನ್ ಎಸ್ರು ಬತ್ತದಲ್ಲ, ಆ ಜಾಗ ಓದು."

"ಹವಾಲ್ದಾರರನ್ನು ಹೊತ್ತು ನದಿ ದಾಟಿದವನು ಕೋದಂಡಪ್ಪ" ಎಂದು ಓದಿದೆ.

"ಆಜರ್" ಎಂದ ಅವನು, ಮೆಲ್ಲಗೆ. ಎದುರಿಗೆ ನಾನಿರುವುದೇ ಅವನಿಗೆ ಮರೆತುಹೋದ ಹಾಗಿತ್ತು.

ಆಗಿನ ಅವನ ಮುಖ ನೋಡಿ ನನಗೆ ಮತ್ತೆ ಹೊಟ್ಟೆ ಉರಿಯಿತು. ಪದಕ ಬಂದ ದಿನವೂ ನನ್ನ ಮುಖ ಹಾಗೆ ಆಗಿರಲಿಲ್ಲ.