ಮೇಲಿನ ಬಿರಡೆ

ಕೆಳಗಿನ ಬಿರಡೆ ಬಿಚ್ಚಿ, ಎಣ್ಣೆಯೆಲ್ಲ ಬೋಗುಣಿಗೆ ಇಳಿದ ಮೇಲೆಯೇ ಅಳಿಯನಿಗೆ ತಾನು ಮಾಡಿಕೊಂಡ ಎಡವಟ್ಟು ಹೊಳೆದದ್ದು.

ಅಲ್ಲಿಯವರೆಗೆ ಎಲ್ಲವೂ ಅಚ್ಚುಕಟ್ಟಾಗಿಯೇ ನಡೆದಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವನು ಮನೆಗೆಲಸಕ್ಕೂ ಪ್ರಯೋಗಾಲಯದ ಶಿಸ್ತನ್ನೇ ಹಚ್ಚುವವನು. ಎಣ್ಣೆ ಬಿಸಿಯಾಗಿ ಸರಾಗವಾಗಿ ಹರಿಯಲೆಂದು ಕಾರನ್ನು ಮೊದಲು ಒಂದು ಸುತ್ತು ಓಡಿಸಿ ತಂದಿದ್ದ. ಜಾಕಿನಿಂದ ಎತ್ತಿ, ನಾಲ್ಕೂ ಕಡೆ ಸ್ಟ್ಯಾಂಡು ಕೊಟ್ಟು, ಮಟ್ಟ ನೋಡಿ, ಗಾಡಿಯನ್ನು ಅಲ್ಲಾಡಿಸಿ ಖಾತ್ರಿ ಮಾಡಿಕೊಂಡೇ ಅಡಿಗೆ ನುಸುಳಿದ್ದ. ಹಿಂದಿನ ಚಕ್ರಗಳ ನಡುವೆ ಗಡಿಗೆಯ ಹಾಗೆ ಉಬ್ಬಿಕೊಂಡಿರುವ ಗೇರು ಪೆಟ್ಟಿಗೆಗೆ, ಅಂದರೆ ಡಿಫರೆನ್ಷಿಯಲ್ಲಿಗೆ, ಎರಡು ಬಿರಡೆ: ಹಳೆಯ ಎಣ್ಣೆ ಇಳಿಸಲು ಕೆಳಗೊಂದು, ಹೊಸದನ್ನು ತುಂಬಲು ಮೇಲೊಂದು. ಕೆಳಗಿನದರ ತುದಿಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಮಾತ್ರ ಅಂಟಿತ್ತು, ಲೋಹದ ಚೂರಿರಲಿಲ್ಲ. ಗೇರುಗಳು ಗಟ್ಟಿಮುಟ್ಟಾಗಿವೆ ಎಂದು ಹಿಗ್ಗಿ ಮೇಲಿನ ಬಿರಡೆಗೆ ಸ್ಪ್ಯಾನರ್ ಹಾಕಿದ. ಜಪ್ಪಯ್ಯ ಎಂದರೂ ಅದು ಮಿಸುಕಲಿಲ್ಲ.

ಮೇಲಿನದು ಬಿಚ್ಚುತ್ತದೆಂದು ಖಚಿತವಾಗುವ ಮೊದಲು ಕೆಳಗಿನದಕ್ಕೆ ಕೈ ಹಾಕಬಾರದಿತ್ತು. ಈಗ ಹೊಸ ಎಣ್ಣೆ ಹಾಕುವಂತಿಲ್ಲ. ಹಳೆಯದನ್ನೇ ವಾಪಸು ಸುರಿಯೋಣವೆಂದರೆ ಅದಕ್ಕೂ ಅದೇ ತೂತು. ಎಣ್ಣೆಯಿಲ್ಲದೆ ಓಡಿಸಿದರೆ ಗೇರುಗಳು ಒಂದನ್ನೊಂದು ತಿಂದುಹಾಕುತ್ತವೆ, ಹಾಗಾಗಿ ಮೆಕ್ಯಾನಿಕ್ಕಿನ ಬಳಿಗೂ ಒಯ್ಯುವಂತಿಲ್ಲ. ಒಯ್ದರೂ ಭಾನುವಾರ ಯಾವನ ಅಂಗಡಿ ತೆರೆದಿರುತ್ತದೆ?

ಕಾರು ಅತ್ತೆಯದು. ಮರುದಿನ ಬೆಳಿಗ್ಗೆ ಅವರ ಚಾಲನಾ ಪರೀಕ್ಷೆ, ಅದೂ ಮೂರನೆಯ ಸಲ. ಮನೆಯಲ್ಲೇ ಪರದೆಗಳನ್ನು ಹೊಲಿಯುವ ಅತ್ತೆಗೆ ಗಿರಾಕಿಗಳ ಮನೆಗೆ ಗಂಟು ಸಾಗಿಸಬೇಕಾದಾಗಲೆಲ್ಲ ಮಗಳ, ಅಳಿಯನ ಬಿಡುವು ಕಾಯುವುದು ಸಾಕುಸಾಕಾಗಿತ್ತು. ಈ ಸಲವೂ ಆಗದಿದ್ದರೆ ಗಾಡಿ ಮಾರಿಬಿಡುವುದೇ ಸೈ ಎಂದು ಹೇಳಿಟ್ಟಿದ್ದರು. ಹಿಂದಿನಿಂದ ಗುಂಯ್‌ಗುಡುವ ಸದ್ದಿಗೆ ಅವರ ಗಮನ ಕದಡುತ್ತದೆಂದು, ಎಣ್ಣೆ ಬದಲಿಸಿ ಅದನ್ನು ಅಡಗಿಸುತ್ತೇನೆಂದು ತಾನಾಗಿಯೇ ಮೈಮೇಲೆ ಎಳೆದುಕೊಂಡವನು ಅಳಿಯ.

ಅತ್ತೆ ಹೊರಗೆ ಬಂದು, ಕಾರಿನಡಿಯಿಂದ ಚಾಚಿಕೊಂಡಿದ್ದ ಕಾಲುಗಳನ್ನು ನೋಡಿದರು.

"ಏನು ಅಳಿಯಂದಿರೇ, ಒಳಗೇ ಒಂದು ನಿದ್ದೆ ತೆಗೀತಿದ್ದೀರಾ?"

ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೆಟ್ಟಿಲ ಮೇಲೆ ಕೂತಿದ್ದ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ಹೋದ ಸಲ ಅದನ್ನ ಮುಚ್ಚಿದ್ದೂ ಇವರೇ. ನಮ್ಮನೇಲಿ ಇವರು ಮುಚ್ಚಿದ ಸೀಸೆನ ಇವರೇ ತೆಗೀಬೇಕು. ಈಗ ನೋಡು, ಇವರ ಕೈಲೂ ಆಗ್ತಿಲ್ಲ."

ಸುಳ್ಳೇನಲ್ಲ. ಯಾವುದಕ್ಕೂ ಇರಲಿ ಎಂದು ಕೊನೆಗೊಂದು ತಿರುವು ಹೆಚ್ಚಿಗೆ ಕೊಡುವುದು ಅವನ ಚಾಳಿ. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. "ನಾಳೆ ಹೋಗೋಕಾಗುತ್ತಾ ಇಲ್ವಾ, ಅಷ್ಟು ಹೇಳಿ," ಎಂದರು. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಅವನಿಗೆ.

ತುಕ್ಕು ಬಿಡಿಸುವ ಎಣ್ಣೆ ಚಿಮುಕಿಸಿ ಕಾದದ್ದಾಯಿತು. ಸ್ಪ್ಯಾನರಿನ ಹಿಡಿಗೆ ಅತ್ತೆಯ ಬಳಿಯಿದ್ದ ಪರದೆ ತೂಗುಹಾಕುವ ದಪ್ಪ ಕಬ್ಬಿಣದ ಕೊಳವೆ ಸಿಕ್ಕಿಸಿ ಸನ್ನೆಗೋಲಿನಂತೆ ಉದ್ದ ಮಾಡಿದ್ದೂ ಆಯಿತು. ಆದರೆ ಮಲಗಿದ ಭಂಗಿಯಲ್ಲಿ ಸ್ಪ್ಯಾನರಿನ ಬಾಯಿ ಜಾರದಂತೆ ಹಿಡಿಯುವುದೂ ಕೊಳವೆ ಒತ್ತುವುದೂ ಒಬ್ಬನ ಕೈಯಲ್ಲಾಗುವ ಮಾತಲ್ಲ. ಒತ್ತಲು ಕಡ್ಡಿಯಂಥ ಹೆಂಡತಿ ಸಾಲಳು. ಅತ್ತೆಯೇ ಕಾರಿನ ಹಿಂದೆ ನೆಲಕ್ಕೆ ಬಟ್ಟೆ ಹಾಸಿ ಕೂತು, ಬಲಗಾಲನ್ನು ಒಳಗೆ ಚಾಚಿದರು.

ಆ ಬಲಗಾಲು ಮನೆಯಲ್ಲಿ ಹೆಸರುವಾಸಿ. ಎರಡು ಪರೀಕ್ಷೆಗಳು ಕೈತಪ್ಪಿದ್ದು ಅದರಿಂದಲೇ. ಅದು ಬ್ರೇಕಿನ ಮೇಲೆ ಬಿತ್ತೆಂದರೆ ಕಾರು ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತಿತ್ತು. ಕಳೆದ ಸಲ ಪರೀಕ್ಷಕರ ಕನ್ನಡಕ ಅವರ ಮಡಿಲಿಗೇ ಹಾರಿತ್ತು. ನಿಧಾನ, ನಿಧಾನ ಎಂದು ಅಳಿಯ ಘರ್ಷಣೆಯ ನಿಯಮವನ್ನೆಲ್ಲ ವಿವರಿಸಿ ಸೋತಿದ್ದ.

ಈಗಲೂ ಅತ್ತೆ ಒದ್ದೇಬಿಟ್ಟರು. ಸ್ಪ್ಯಾನರ್ ಜಾರಿ ಅವನ ಗೆಣ್ಣುಗಳು ತರಚಿದವು.

"ಒದೀಬೇಡಿ ಅತ್ತೆ. ಬಿರಡೆ ಅಂಚು ಸವೆದರೆ ಆಮೇಲೆ ಯಾರ ಕೈಲೂ ಆಗಲ್ಲ. ಸುಮ್ನೆ ಪಾದ ಇಡಿ. ಇಟ್ರಾ? ಈಗ ಭಾರ ಸ್ವಲ್ಪಸ್ವಲ್ಪವೇ ಬಿಡ್ತಾ ಹೋಗಿ."

ಕೊಳವೆ ತುಸು ಬಾಗಿತು. ಅತ್ತೆಯ ಭಾರ ಕಬ್ಬಿಣದೊಳಗಿಂದ ಹರಿದು ಬಂದು ತನ್ನ ಅಂಗೈಯಲ್ಲಿ ಬೆಳೆಯುತ್ತಿರುವುದು ಅವನಿಗೆ ತಿಳಿಯುತ್ತಿತ್ತು. ಇನ್ನೂ ಸ್ವಲ್ಪ. ಟಕ್ ಎಂದಿತು. ಅಂಚು ಮುರಿಯಿತೆಂದೇ ಅವನು ಅಂದುಕೊಂಡ. ಬೆರಳಾಡಿಸಿ ನೋಡಿದ. ಆರೂ ಮೂಲೆ ನೆಟ್ಟಗಿದ್ದವು, ಬಿರಡೆ ತಿರುಗಿತ್ತು.

"ಬಂತಾ?"

"ಬಂತು ಅತ್ತೆ." ಕಣ್ಣು ಮುಚ್ಚಿ ಮಲಗಿದಲ್ಲೇ ಅವನು ಸದ್ದಿಲ್ಲದೆ ನಕ್ಕ. ಮೈಯ ಕಟ್ಟೆಲ್ಲ ಒಮ್ಮೆಗೇ ಸಡಿಲವಾದಂತಿತ್ತು.

ಅತ್ತೆ ಮಾತ್ರ ಕಾಲು ತೆಗೆದಿರಲಿಲ್ಲ. "ನಿಧಾನ ಅಂದ್ರೆ ಇದಾ? ಇದನ್ನೇನಾ ಇಷ್ಟು ದಿನ ಬಾಯಲ್ಲಿ ಹೇಳ್ತಿದ್ದಿದ್ದು?"

ಕೆಳಗಿನ ಬಿರಡೆ ಮುಚ್ಚಿ, ಕೈಪಂಪಿನಿಂದ ಹೊಸ ಎಣ್ಣೆ ಏರಿಸಿದ. ಪೆಟ್ಟಿಗೆ ತುಂಬಿ, ಮೇಲಿನ ತೂತಿನ ತುಟಿಯಿಂದ ಜೇನಿನಂಥ ಎಳೆಯೊಂದು ಇಳಿದಾಗ ನಿಲ್ಲಿಸಿದ. ಸಂಜೆ ಅತ್ತೆ ಬೀದಿ ಸುತ್ತಿ ಬಂದರು. ಗುಂಯ್‌ಗುಡುವ ಸದ್ದು ಪೂರ್ತಿ ಹೋಗಿರಲಿಲ್ಲ, ಕಿವಿಗೊಟ್ಟು ಹುಡುಕಿದರೆ ಸಿಗುವಷ್ಟಕ್ಕೆ ಇಳಿದಿತ್ತು.

ಮರುದಿನ ಪರೀಕ್ಷೆಯ ಮೈದಾನದ ಹೊರಗೆ ಅವನು ಬೇಲಿಗೆ ಬೆನ್ನು ಮಾಡಿ ನಿಂತಿದ್ದ, ನೋಡುವ ಧೈರ್ಯವಿರಲಿಲ್ಲ. ಅತ್ತೆ ನಡೆದು ಬಂದರು. ಮುಖ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ. ಕೀಲಿಕೈಯನ್ನು ಅವನ ಕೈಗಿಟ್ಟರು.

"ಪಾಸು. ಮನೆಗೆ ನೀವೇ ಓಡಿಸಿ. ಒಳಗೆ ಸುಮ್ನಿತ್ತು, ಈಗ ಕೈ ನಡುಗೋಕೆ ಶುರುವಾಗಿದೆ."

ಅವನು ಓಡಿಸಿದ. ಅತ್ತೆ ಕಿಟಕಿಯಾಚೆ ಹಾಯುವ ಅಂಗಡಿಗಳನ್ನು ನೋಡುತ್ತ ಕೂತಿದ್ದರು. ಮುಖ್ಯರಸ್ತೆಗೆ ತಿರುಗುವ ಮುಂಚೆ ಕೈಗಳನ್ನು ಮುಂದೆ ಚಾಚಿ ಪರೀಕ್ಷಿಸಿದರು.

"ನಿಲ್ಲಿಸಿ," ಎಂದರು. "ಸರಿಹೋಯ್ತು. ನೀವು ಈ ಕಡೆ ಬನ್ನಿ."